ಆಫೀಸಲ್ಲಿ ಧೈರ್ಯವಾಗಿ ಮಾತಾಡೋದು, ಪಕ್ಕದವರ ಮಾತಿಗೂ ಜಾಗ ಮಾಡೋದು: ಒಂದೊಂದೇ ಹೆಜ್ಜೆ

ಬೆಂಗಳೂರಲ್ಲಿ ಯಾವ ಆಫೀಸಿಗೆ ಬೇಕಾದ್ರೂ ಹೋಗಿ, ಮಾನ್ಯತಾ ಟೆಕ್ ಪಾರ್ಕ್ ಇರಲಿ, ಪೀಣ್ಯದ ಸಣ್ಣ ಫ್ಯಾಕ್ಟರಿ ಇರಲಿ, ಜಯನಗರದ ಆಡಿಟರ್ ಆಫೀಸ್ ಇರಲಿ, ಅಲ್ಲಿ ಇಂಥವರು ಒಬ್ಬರು ಇದ್ದೇ ಇರ್ತಾರೆ. ಕೆಲಸದಲ್ಲಿ ಗಟ್ಟಿ, ಏನೇ ಕೆಟ್ಟು ನಿಂತ್ರೂ ಎಲ್ರೂ ಓಡೋದು ಅವರ ಸೀಟ್ ಹತ್ರಾನೇ, ಆದ್ರೆ ಮೀಟಿಂಗಲ್ಲಿ ಕೂತಾಗ ಒಂದು ಮಾತಿಲ್ಲ, ಪ್ರಮೋಷನ್ ಲಿಸ್ಟ್ ಬಂದಾಗ ಅವರ ಹೆಸರೂ ಇಲ್ಲ. ನಾನು ಹತ್ತನೇ ಕ್ಲಾಸ್ ತನಕ ಕನ್ನಡ ಮೀಡಿಯಂನಲ್ಲಿ ಓದಿದವಳು, ಈಗ ಔಟರ್ ರಿಂಗ್ ರೋಡಲ್ಲಿ ಒಂದು ಟೆಸ್ಟಿಂಗ್ ಟೀಮ್ ನೋಡ್ಕೊಳ್ತೀನಿ, ಇಂಥವರನ್ನ ತುಂಬಾ ಜನಾನ ನೋಡಿದೀನಿ, ಅದ್ರಲ್ಲೂ ತುಮಕೂರು, ಹಾಸನ, ರಾಯಚೂರು ಕಡೆಯಿಂದ ಬಂದ ಹುಡುಗ ಹುಡುಗೀರನ್ನ, ಪ್ರತಿ ಸಲಾನೂ ಸಂಕಟ ಆಗತ್ತೆ.

ಇದಕ್ಕೆ ಎಲ್ರೂ ಹೇಳೋ ಕಾರಣ ಇಂಗ್ಲಿಷ್. ನಾನು ಪೂರ್ತಿ ಒಪ್ಪಲ್ಲ. ಇಂಗ್ಲಿಷ್ ಸುಮಾರಾಗಿದ್ದೂ ಮ್ಯಾನೇಜರ್ ಆದವರು ಈ ಊರಲ್ಲಿ ಬೇಕಾದಷ್ಟು ಜನ ಇದಾರೆ. ನಾನು ನೋಡಿದ ಮಟ್ಟಿಗೆ ತೊಂದರೆ ಎರಡು ಕಡೆ ಇರತ್ತೆ. ಒಂದು, ಮಾತಾಡೋರು ತಯಾರಿ ಇಲ್ಲದೆ ಬಂದಿರ್ತಾರೆ. ಇನ್ನೊಂದು, ಆ ರೂಮಲ್ಲಿ ಯಾವಾಗ್ಲೂ ಅದೇ ಮೂರು ಜನ ಮಾತಾಡ್ತಾರೆ, ಮಿಕ್ಕವರಿಗೆ ಬಾಯಿ ಹಾಕೋಕೆ ಸಂದೇ ಸಿಗಲ್ಲ. ಎಚ್ಆರ್ ಅವರು ಮೊದಲನೇದಕ್ಕೆ ಒಂದು ಟ್ರೈನಿಂಗ್, ಎರಡನೇದಕ್ಕೆ ಬೇರೆ ಟ್ರೈನಿಂಗ್ ಇಡ್ತಾರೆ. ನನಗೆ ಇವೆರಡೂ ಒಂದೇ ಕೆಲಸ ಅನ್ಸತ್ತೆ, ಯಾಕಂದ್ರೆ ಲೀಡ್ ಅಂತ ಯಾರನ್ನಾದ್ರೂ ಮಾಡುವಾಗ ಮೇಲಿನವರು ನೋಡೋದು ಇವನು ಚೆನ್ನಾಗಿ ಮಾತಾಡ್ತಾನಾ ಅಂತ ಮಾತ್ರ ಅಲ್ಲ, ಇವನ ಹತ್ರ ಹತ್ತು ಜನ ಬಾಯಿ ಬಿಟ್ಟು ವಿಷಯ ಹೇಳ್ತಾರಾ ಅಂತಾನೂ ನೋಡ್ತಾರೆ. ಹಾಗಾಗಿ ಎರಡನ್ನೂ ಸೇರಿಸಿಯೇ ಹೇಳ್ತೀನಿ.

ಮೊದಲು, ಮಾಡಿದ ಕೆಲಸ ಬರೆದಿಡಿ

ಧೈರ್ಯದ ಮಾತು ಆಮೇಲೆ, ಮೊದಲು ಹೇಳೋಕೆ ಕೈಯಲ್ಲಿ ಏನಾದ್ರೂ ಇರಬೇಕು. ಶುಕ್ರವಾರ ಲ್ಯಾಪ್‌ಟಾಪ್ ಮುಚ್ಚೋ ಮುಂಚೆ ಹದಿನೈದು ನಿಮಿಷ ತಗೊಂಡು ಆ ವಾರ ಏನು ಮಾಡಿದ್ರಿ ಅಂತ ಒಂದು ಕಡೆ ಬರೆದಿಡಿ. ಕನ್ನಡದಲ್ಲೇ ಬರೀರಿ, ಪರವಾಗಿಲ್ಲ, ಅದು ನಿಮಗೋಸ್ಕರ. ಆದ್ರೆ ಬರಿಯೋ ರೀತಿ ಮುಖ್ಯ. "ಟಿಕೆಟ್ ಕ್ಲೋಸ್ ಮಾಡಿದೆ" ಅಂತ ಬರೆದ್ರೆ ಆರು ತಿಂಗಳಾದ್ಮೇಲೆ ನಿಮಗೇ ಅರ್ಥ ಆಗಲ್ಲ. ಮುಂಚೆ ಹೇಗಿತ್ತು, ನಾನು ಏನು ಮಾಡಿದೆ, ಈಗ ಹೇಗಿದೆ, ಇದ್ರಿಂದ ಯಾರಿಗೆ ಅನುಕೂಲ ಆಯ್ತು, ಈ ನಾಲ್ಕು ಬರಬೇಕು. ಉದಾಹರಣೆಗೆ, "ಬಿಲ್ಲಿಂಗ್ ರಿಪೋರ್ಟ್ ದಿನಾ ಬೆಳಿಗ್ಗೆ 40 ನಿಮಿಷ ತಗೊಳ್ತಿತ್ತು, ಕ್ವೆರಿ ಬದಲಾಯಿಸಿದ್ಮೇಲೆ 6 ನಿಮಿಷದಲ್ಲಿ ಮುಗಿಯತ್ತೆ, ಅಕೌಂಟ್ಸ್ ಟೀಮ್‌ಗೆ ಈಗ ಹತ್ತು ಗಂಟೆ ಒಳಗೆ ರಿಪೋರ್ಟ್ ಸಿಗತ್ತೆ." ಫ್ಯಾಕ್ಟರೀಲಿ ಇರೋರು ಇದೇ ಲೆಕ್ಕದಲ್ಲಿ ರಿಜೆಕ್ಷನ್ ಎಷ್ಟಿತ್ತು ಎಷ್ಟಾಯ್ತು, ಮಷೀನ್ ಎಷ್ಟು ಹೊತ್ತು ನಿಲ್ತಿತ್ತು ಈಗ ಎಷ್ಟು ನಿಲ್ಲತ್ತೆ ಅಂತ ಬರೀಬಹುದು. ಆಸ್ಪತ್ರೆ ಬಿಲ್ಲಿಂಗ್ ಕೌಂಟರಲ್ಲಿ ಇರೋರು ಡಿಸ್ಚಾರ್ಜ್‌ಗೆ ಕಾಯೋ ಹೊತ್ತು ಎಷ್ಟು ಕಮ್ಮಿ ಆಯ್ತು ಅಂತ.

ಇದು ಯಾಕೆ ಇಷ್ಟು ಮುಖ್ಯ ಅಂದ್ರೆ, ತುಂಬಾ ಕಂಪನಿಗಳಲ್ಲಿ ಅಪ್ರೈಸಲ್ ವರ್ಷ ಅಂದ್ರೆ ಏಪ್ರಿಲ್‌ನಿಂದ ಮಾರ್ಚ್, ಆದ್ರೆ ಮ್ಯಾನೇಜರ್ ತಲೇಲಿ ಉಳಿದಿರೋದು ಜನವರಿ ಆದ್ಮೇಲೆ ಆಗಿದ್ದು ಮಾತ್ರ. ಜೊತೆಗೆ ನಿಮ್ಮ ರೇಟಿಂಗ್ ಫೈನಲ್ ಆಗೋ ಮೀಟಿಂಗಲ್ಲಿ ನೀವು ಇರೋದೇ ಇಲ್ಲ, ಅಲ್ಲಿ ನಾಲ್ಕೈದು ಮ್ಯಾನೇಜರ್‌ಗಳು ಕೂತು ಅವರವರ ಟೀಮಿನ ಹೆಸರು ಮುಂದಿಟ್ಟು ವಾದ ಮಾಡ್ತಾರೆ, ನಿಮ್ಮ ಮ್ಯಾನೇಜರ್‌ಗೆ ನಿಮ್ಮ ಬಗ್ಗೆ ಹೇಳೋಕೆ ಸಿಗೋದು ಒಂದೋ ಎರಡೋ ನಿಮಿಷ. ಆ ಎರಡು ನಿಮಿಷಕ್ಕೆ ಬೇಕಾದ ಮಾತನ್ನ ನೀವೇ ಕೊಟ್ಟಿರಬೇಕು. "ನನ್ನ ಕೆಲಸ ಅವರಿಗೆ ಗೊತ್ತಿರತ್ತೆ" ಅಂತ ಸುಮ್ನೆ ಇರೋದು ವಿನಯ ಅಂತ ನಮಗೆ ಮನೇಲಿ ಹೇಳಿಕೊಟ್ಟಿದಾರೆ, ಮನೆಗೆ ಅದು ಸರಿ, ಹದಿನೈದು ಜನರ ಕೆಲಸ ನೋಡೋ ಮ್ಯಾನೇಜರ್‌ಗೆ ನಿಜವಾಗ್ಲೂ ಗೊತ್ತಿರಲ್ಲ.

ಇನ್ನೊಂದು ವಿಷಯ, ಬರಿಯುವಾಗ ಜೊತೆಗೆ ಕೆಲಸ ಮಾಡಿದವರ ಹೆಸರೂ ಬರೀರಿ. ಇದು ಮುಂದೆ ಉಪಯೋಗಕ್ಕೆ ಬರತ್ತೆ.

ಎರಡನೇದು, ಮಾತಿನ ಕೊನೆಯನ್ನ ಮೊದಲಿಗೆ ತನ್ನಿ

ನಾವು ವಿಷಯ ಹೇಳೋದು ಕಥೆ ಥರ. ಬೆಳಿಗ್ಗೆ ಏನಾಯ್ತು, ಆಮೇಲೆ ಯಾರು ಫೋನ್ ಮಾಡಿದ್ರು, ಅದಕ್ಕೆ ನಾನೇನಂದೆ, ಹೀಗೆ ಹೋಗಿ ಕೊನೇಲಿ ವಿಷಯಕ್ಕೆ ಬರ್ತೀವಿ. ಕಟ್ಟೆ ಮೇಲೆ ಕೂತು ಮಾತಾಡೋಕೆ ಅದೇ ಚಂದ. ಆಫೀಸ್ ಮೀಟಿಂಗಲ್ಲಿ ಮಾತ್ರ ನೀವು ವಿಷಯಕ್ಕೆ ಬರೋಷ್ಟರಲ್ಲಿ ಕೇಳೋರು ಮೇಲ್ ಓದೋಕೆ ಶುರು ಮಾಡಿರ್ತಾರೆ. ಅದಕ್ಕೆ ಉಲ್ಟಾ ಮಾಡಿ. ಮೊದಲು ಏನಾಗಬೇಕು ಅನ್ನೋದು, ಆಮೇಲೆ ಯಾಕೆ ಅನ್ನೋದು, ವಿವರ ಯಾರಾದ್ರೂ ಕೇಳಿದ್ರೆ ಮಾತ್ರ.

ಅಂದ್ರೆ ಹೀಗೆ. "ನಿನ್ನೆ ನಾನು ಬಿಲ್ಡ್ ರನ್ ಮಾಡೋಕೆ ಹೋದೆ, ಅದು ಫೇಲ್ ಆಯ್ತು, ಆಮೇಲೆ ಸರ್ವರ್ ಟೀಮ್‌ಗೆ ಕೇಳ್ದೆ, ಅವರು ರಿಪ್ಲೈ ಮಾಡ್ಲಿಲ್ಲ" ಅನ್ನೋ ಬದಲು, "ರಿಲೀಸ್ ಗುರುವಾರದಿಂದ ಶುಕ್ರವಾರಕ್ಕೆ ಹೋಗತ್ತೆ. ಸರ್ವರ್ ಆಕ್ಸೆಸ್ ಸಿಕ್ಕಿಲ್ಲ. ಇವತ್ತು ಮಧ್ಯಾಹ್ನದೊಳಗೆ ಕೊಡಿಸಿದ್ರೆ ಗುರುವಾರಾನೇ ಮಾಡಬಹುದು." ಮೂರೇ ವಾಕ್ಯ. ಕೇಳಿದವರಿಗೆ ತಾವು ಏನು ಮಾಡಬೇಕು ಅಂತಾನೂ ಗೊತ್ತಾಯ್ತು.

ಮೀಟಿಂಗ್‌ಗೆ ಮುಂಚೆ ಈ ಮೂರು ವಾಕ್ಯಾನ ಒಂದು ಚೀಟಿಲಿ ಬರ್ಕೊಂಡು ಹೋಗಿ. ಇಡೀ ಮಾತನ್ನ ಬಾಯಿಪಾಠ ಮಾಡ್ಬೇಡಿ, ಮಧ್ಯದಲ್ಲಿ ಒಂದು ಪದ ಮರೆತ್ರೆ ಎಲ್ಲಾನೂ ಕೈ ಕೊಡತ್ತೆ, ಮೊದಲನೇ ವಾಕ್ಯ ಒಂದು ಗಟ್ಟಿಯಾಗಿ ಬಾಯಲ್ಲಿರಲಿ ಸಾಕು. ಮತ್ತೆ ಮೀಟಿಂಗ್ ಶುರುವಾದ ಮೊದಲ ಹತ್ತು ನಿಮಿಷದಲ್ಲಿ ಏನಾದ್ರೂ ಒಂದು ಮಾತಾಡಿ ಬಿಡಿ, ಒಂದು ಪ್ರಶ್ನೆ ಆದ್ರೂ ಸರಿ, ತಡ ಆದಷ್ಟೂ ಗಂಟಲು ಕಟ್ಕೊಳ್ಳತ್ತೆ.

ಇಂಗ್ಲಿಷ್ ಬಗ್ಗೆ ಭಯ ಇದ್ರೆ

ಸಂಜೆ ಏಳೂವರೆಗೆ ಅಮೆರಿಕಾ ಕ್ಲೈಂಟ್ ಜೊತೆ ಕಾಲ್ ಇದೆ ಅಂದ್ರೆ ಮಧ್ಯಾಹ್ನದಿಂದಾನೇ ಹೊಟ್ಟೇಲಿ ಕಲಸಿದ ಹಾಗೆ ಆಗೋರಿಗೆ ಈ ಭಾಗ. ನಾವು ಅಂದ್ಕೊಳ್ಳೋದು ಫಾಸ್ಟಾಗಿ ಮಾತಾಡಿದ್ರೆ ಫ್ಲುಯೆಂಟ್ ಅಂತ. ಅಲ್ಲ. ಫೋನಲ್ಲಿ ಅರ್ಥ ಆಗೋದು ನಿಧಾನಕ್ಕೆ, ಸಣ್ಣ ಸಣ್ಣ ವಾಕ್ಯದಲ್ಲಿ, ಒಂದು ವಾಕ್ಯ ಮುಗಿಸಿ ಉಸಿರು ತಗೊಂಡು ಮಾತಾಡೋರದ್ದು. ಉಚ್ಚಾರಣೆ ನಮ್ಮ ಊರಿನದೇ ಇರಲಿ, ಅದನ್ನ ಬದಲಾಯಿಸೋಕೆ ಶಕ್ತಿ ಖರ್ಚು ಮಾಡ್ಬೇಡಿ, ಆ ಶಕ್ತೀನ ವಾಕ್ಯ ಚಿಕ್ಕದು ಮಾಡೋಕೆ ಹಾಕಿ.

ಕೆಲವು ವಾಕ್ಯಗಳು ಮಾತ್ರ ನಾಲಿಗೆ ತುದೀಲಿ ಇರಬೇಕು, ಯಾಕಂದ್ರೆ ಅವು ಬೇಕಾಗೋದು ಗಾಬರಿ ಆದಾಗಲೇ. ಅರ್ಥ ಆಗದೇ ಇದ್ದಾಗ, "ಕುಡ್ ಯು ಸೇ ದಟ್ ಒನ್ಸ್ ಮೋರ್, ಐ ವಾಂಟ್ ಟು ಗೆಟ್ ಇಟ್ ರೈಟ್." ಉತ್ತರ ಗೊತ್ತಿಲ್ಲದೇ ಇದ್ದಾಗ, "ಐ ವಿಲ್ ಚೆಕ್ ಅಂಡ್ ಮೇಲ್ ಯು ಬೈ ಫೋರ್ ಟುಮಾರೋ," ಅಂದ್ಮೇಲೆ ನಾಲ್ಕು ಗಂಟೆಗೆ ಮೇಲ್ ಹೋಗ್ಲೇಬೇಕು, ಉತ್ತರ ಇನ್ನೂ ಸಿಕ್ಕಿಲ್ಲ ಅಂದ್ರೂ ಸಿಕ್ಕಿಲ್ಲ ಅಂತಾದ್ರೂ ಹೋಗಬೇಕು. ನೀವು ಅರ್ಥ ಮಾಡ್ಕೊಂಡಿದ್ದು ಸರಿನಾ ಅಂತ ನೋಡೋಕೆ, "ಸೋ ವಾಟ್ ಐ ಅಂಡರ್‌ಸ್ಟುಡ್ ಈಸ್..." ಅಂತ ಶುರು ಮಾಡಿ ಅವರು ಹೇಳಿದ್ದನ್ನೇ ನಿಮ್ಮ ಮಾತಲ್ಲಿ ತಿರುಗಿ ಹೇಳಿ. ಈ ಕೊನೇದು ನನಗೆ ತುಂಬಾ ಇಷ್ಟ, ಇದನ್ನ ಮಾಡೋರನ್ನ ಕ್ಲೈಂಟ್ ಬೇಗ ನಂಬ್ತಾರೆ, ಅರ್ಧ ಜಗಳ ಅಲ್ಲೇ ತಪ್ಪತ್ತೆ.

ಅಭ್ಯಾಸ ಬಾಯಲ್ಲೇ ಆಗಬೇಕು, ಮನಸ್ಸಲ್ಲಿ ಅಲ್ಲ. ಬಂದ ಮೇಲ್‌ಗಳನ್ನೇ ಮನೇಲಿ ಜೋರಾಗಿ ಓದಿ. ಒಬ್ಬರೇ ಆಗಲ್ಲ ಅಂದ್ರೆ ಟೋಸ್ಟ್‌ಮಾಸ್ಟರ್ಸ್ ಕ್ಲಬ್‌ಗೆ ಹೋಗಿ ನೋಡಿ, 1924ರಲ್ಲಿ ಅಮೆರಿಕಾದಲ್ಲಿ ಶುರುವಾದ ಸಂಸ್ಥೆ ಅದು, ಬೆಂಗಳೂರಲ್ಲಿ ಬೇರೆ ಬೇರೆ ಏರಿಯಾಗಳಲ್ಲೂ ದೊಡ್ಡ ಕಂಪನಿಗಳ ಒಳಗೂ ಕ್ಲಬ್‌ಗಳಿವೆ, ಗೆಸ್ಟ್ ಆಗಿ ಹೋಗಿ ಕೂತು ನೋಡಬಹುದು. ಅಲ್ಲಿ ಟೇಬಲ್ ಟಾಪಿಕ್ಸ್ ಅಂತ ಒಂದಿದೆ, ಆಗಲೇ ಒಂದು ವಿಷಯ ಕೊಟ್ಟು ಒಂದರಿಂದ ಎರಡು ನಿಮಿಷ ಮಾತಾಡಿ ಅಂತಾರೆ, ನೀವು ಎಷ್ಟು ಸಲ "ಆಂ", "ಊಂ" ಅಂದ್ರಿ ಅಂತ ಎಣಿಸೋಕೂ ಒಬ್ಬರು ಇರ್ತಾರೆ. ಮೊದಲ ಸಲ ಕೈ ನಡುಗತ್ತೆ. ಅಲ್ಲಿ ನಡುಗಿದ್ರೆ ಯಾರ ರೇಟಿಂಗೂ ಹೋಗಲ್ಲ, ಅದಕ್ಕೇ ಅದು ಒಳ್ಳೆ ಜಾಗ.

ಮಾತು ಮಧ್ಯದಲ್ಲಿ ಕತ್ತರಿಸಿದ್ರೆ, ಹೆಸರು ಬೇರೆಯವರಿಗೆ ಹೋದ್ರೆ

ನೀವು ಮಾತಾಡ್ತಾ ಇರುವಾಗ ಯಾರಾದ್ರೂ ಮಧ್ಯೆ ಬಂದ್ರೆ ಸುಮ್ನಾಗ್ಬೇಡಿ, ದನಿ ಏರಿಸೋದೂ ಬೇಡ. ಅವರ ಹೆಸರು ಹಿಡಿದು ಕರೆದು, "ಒಂದೇ ಪಾಯಿಂಟ್ ಉಳಿದಿದೆ, ಮುಗಿಸಿ ನಿಮಗೆ ಬಿಡ್ತೀನಿ" ಅಂತ ಹೇಳಿ ಮುಂದುವರಿಸಿ. ಹೆಸರು ಕೇಳಿದ ತಕ್ಷಣ ಜನ ನಿಲ್ತಾರೆ.

ನಿಮ್ಮ ಐಡಿಯಾನ ಬೇರೆಯವರು ತಮ್ಮದು ಅಂತ ಹೇಳಿದ್ರೆ, ಅಲ್ಲೇ ಜಗಳ ತೆಗೀಬೇಡಿ. "ನಾನು ಮಂಗಳವಾರ ಕಳಿಸಿದ ಮೇಲಲ್ಲಿ ಇದೇ ಹೇಳಿದ್ದೆ, ಅದ್ರಲ್ಲಿ ಇನ್ನೊಂದು ಅಂಶಾನೂ ಇದೆ" ಅಂತ ಸೇರಿಸಿ. ಮೇಲ್ ಕಳಿಸಿರಬೇಕು ಅಷ್ಟೇ, ಅದಕ್ಕೇ ಬರೆದಿಡೋದು ಮೊದಲ ಹೆಜ್ಜೆ ಅಂದಿದ್ದು. ಇನ್ನು ಪಕ್ಕದವರಿಗೆ ಹೀಗಾದಾಗ ನೀವು ಬಾಯಿ ಬಿಡೋದು ನಿಮ್ಮದಕ್ಕಿಂತ ಸುಲಭ, ಮತ್ತೆ ನಾಟೋದೂ ಜಾಸ್ತಿ. "ಇದನ್ನ ಮೊದಲು ಹೇಳಿದ್ದು ಅವರು, ಅವರೇ ಪೂರ್ತಿ ಹೇಳಲಿ," ಈ ಒಂದು ವಾಕ್ಯ ಹೇಳೋಕೆ ಐದು ಸೆಕೆಂಡ್ ಬೇಕು. ಹೇಳಿದವರ ಬಗ್ಗೆ ಆ ರೂಮಲ್ಲಿ ಗೌರವ ಹುಟ್ಟತ್ತೆ, ನಾನು ಇದನ್ನ ಎಷ್ಟೋ ಸಲ ಕಣ್ಣಾರೆ ನೋಡಿದೀನಿ.

ಕೆಲಸ ಬೇಡ ಅನ್ನೋದೂ ಒಂದು ಮಾತೇ. ಬೇಡ ಅನ್ನೋಕಾಗಲ್ಲ ಅಂದ್ರೆ ಲೆಕ್ಕ ಮುಂದಿಡಿ: "ಇದನ್ನ ಇವತ್ತು ತಗೊಂಡ್ರೆ ಅದು ಸೋಮವಾರಕ್ಕೆ ಹೋಗತ್ತೆ, ಯಾವುದು ಮೊದಲು ಬೇಕು ನೀವೇ ಹೇಳಿ."

ಈಗ ರೂಮಿನ ವಿಷಯ

ಇದ್ರಲ್ಲಿ ಹೇಳೋದು ಜಾಸ್ತಿ ಇದೆ, ಬೆಂಗಳೂರಲ್ಲಿ ಅಂತೂ ಇನ್ನೂ ಜಾಸ್ತಿ.

ಭಾಷೆಯಿಂದ ಶುರು ಮಾಡ್ತೀನಿ. ಒಂದು ಟೀಮಲ್ಲಿ ಕನ್ನಡ, ತೆಲುಗು, ತಮಿಳು, ಮಲಯಾಳಂ, ಹಿಂದಿ, ಒಡಿಯಾ ಎಲ್ಲಾ ಇರತ್ತೆ. ಮೀಟಿಂಗ್ ಇಂಗ್ಲಿಷಲ್ಲಿ ಶುರುವಾಗತ್ತೆ, ಹತ್ತು ನಿಮಿಷ ಆದ್ಮೇಲೆ ಮೂರು ಜನ ಹಿಂದೀಗೆ ಜಾರ್ತಾರೆ, ಅಲ್ಲೇ ಒಂದು ನಿರ್ಧಾರಾನೂ ಆಗೋಗತ್ತೆ, ಹಿಂದಿ ಸರಿಯಾಗಿ ಬರದ ಚಾಮರಾಜನಗರದ ಹುಡುಗಿ ಸುಮ್ನೆ ತಲೆ ಆಡಿಸ್ತಾ ಕೂತಿರ್ತಾಳೆ. ಇಲ್ಲಿ ಹೇಳಬೇಕು, ಸಿಟ್ಟಿಲ್ಲದೆ, ಆದ್ರೆ ಆಗಲೇ ಹೇಳಬೇಕು: "ಲೆಟ್ಸ್ ಸ್ಟೇ ಇನ್ ಇಂಗ್ಲಿಷ್, ಐ ಡೋಂಟ್ ವಾಂಟ್ ಟು ಮಿಸ್ ದಿಸ್." ನಮ್ಮ ನಾಡಲ್ಲಿ ಕೂತು ನಮಗೇ ಅರ್ಥ ಆಗದ ಭಾಷೇಲಿ ನಮ್ಮ ಕೆಲಸ ನಿರ್ಧಾರ ಆಗೋದನ್ನ ನೋಡ್ತಾ ಕೂರಬೇಕಾಗಿಲ್ಲ. ಹಾಗೇ ನಾವೂ ನಾಲ್ಕು ಜನ ಕನ್ನಡದವರು ಸೇರಿ ಕೆಲಸದ ವಿಷಯ ಮಾತಾಡುವಾಗ ಕಟಕ್‌ನಿಂದ ಬಂದ ಹೊಸ ಹುಡುಗ ಪಕ್ಕದಲ್ಲಿ ನಿಂತಿದ್ರೆ ಭಾಷೆ ಬದಲಾಯಿಸಬೇಕು. ಕ್ಯಾಂಟೀನಲ್ಲಿ ಕನ್ನಡ ಮಾತಾಡಿ, ಅವನಿಗೂ ಕಲಿಸಿ, "ಊಟ ಆಯ್ತಾ" ಅಂತ ಅವನು ಕೇಳೋಕೆ ಶುರು ಮಾಡಿದ್ಮೇಲೆ ಅವನೂ ನಮ್ಮವನೇ ಆಗ್ತಾನೆ. ಕೆಲಸದ ನಿರ್ಧಾರ ಮಾತ್ರ ಎಲ್ರಿಗೂ ಗೊತ್ತಿರೋ ಭಾಷೇಲಿ ಆಗಲಿ, ಆಮೇಲೆ ಎರಡು ಸಾಲಿನ ಮಿನಿಟ್ಸ್, ಅಂದ್ರೆ ಏನು ತೀರ್ಮಾನ ಆಯ್ತು ಅನ್ನೋ ಟಿಪ್ಪಣಿ, ಎಲ್ರಿಗೂ ಮೇಲ್‌ನಲ್ಲಿ ಹೋಗಲಿ.

ಆ ಮಿನಿಟ್ಸ್ ಯಾರು ಬರೀತಾರೆ ನೋಡಿ. ತುಂಬಾ ಕಡೆ ಅದು ಟೀಮಲ್ಲಿರೋ ಹುಡುಗಿ ಪಾಲಿಗೆ ಬರತ್ತೆ, ಬರ್ತ್‌ಡೇ ಕೇಕ್ ಆರ್ಡರ್ ಮಾಡೋದು, ಆಯುಧಪೂಜೆಗೆ ಹೂವು ತರಿಸೋದು, ರಂಗೋಲಿ ಹಾಕೋದು ಎಲ್ಲಾನೂ. ಅದ್ಯಾವುದಕ್ಕೂ ರೇಟಿಂಗ್ ಸಿಗಲ್ಲ, ಬರೀತಾ ಕೂತವರಿಗೆ ಮಾತಾಡೋಕೂ ಆಗಲ್ಲ. ಒಂದು ಸರದಿ ಪಟ್ಟಿ ಮಾಡಿ, ವಾರಕ್ಕೊಬ್ಬರು, ಮ್ಯಾನೇಜರೂ ಸೇರಿ. ಮತ್ತೆ "ಅವಳಿಗೆ ಮದುವೆ ಫಿಕ್ಸ್ ಆಗಿದೆ, ಆ ಪ್ರಾಜೆಕ್ಟ್ ಬೇಡ", "ಮಗು ಚಿಕ್ಕದು, ಟ್ರಾವೆಲ್ ಆಗಲ್ಲ ಬಿಡಿ" ಅಂತ ಅವಳನ್ನ ಕೇಳದೇನೇ ತೀರ್ಮಾನ ಮಾಡ್ತಾರಲ್ಲ, ಒಳ್ಳೆ ಮನಸ್ಸಿಂದಾನೇ ಮಾಡಿರಬಹುದು, ಆದ್ರೆ ಹೆಣ್ಮಕ್ಕಳ ದಾರಿಗೆ ಇಷ್ಟು ಅಡ್ಡ ಬಂದಿದ್ದು ಬೇರೆ ಯಾವುದೂ ಇಲ್ಲ ಅಂತ ನನ್ನ ಅಭಿಪ್ರಾಯ. ಅವರನ್ನೇ ಕೇಳಿ. ಆಗತ್ತೋ ಇಲ್ವೋ ಅವರು ಹೇಳ್ತಾರೆ. ಹೆರಿಗೆ ರಜೆಗೆ ಹೋಗೋರಿಗೂ ಒಂದು ಮಾತು, 2017ರ ತಿದ್ದುಪಡಿ ಆದ್ಮೇಲೆ ಮೊದಲ ಎರಡು ಮಕ್ಕಳಿಗೆ 26 ವಾರ ಸಂಬಳದ ರಜೆ ಕಾನೂನಿನ ಹಕ್ಕು, 50 ಅಥವಾ ಅದಕ್ಕಿಂತ ಜಾಸ್ತಿ ಜನ ಇರೋ ಕಡೆ ಮಕ್ಕಳನ್ನ ನೋಡ್ಕೊಳ್ಳೋ ಕ್ರೆಶ್ ಇರಬೇಕು, ಹಾಗಾಗಿ ರಜೆ ಕೇಳುವಾಗ "ಸಾರಿ" ಅಂತ ಶುರು ಮಾಡೋ ಅಗತ್ಯ ಇಲ್ಲ. ಹೋಗೋ ಮುಂಚೆ ಹ್ಯಾಂಡೋವರ್ ಜೊತೆಗೆ, ವಾಪಸ್ ಬಂದಾಗ ಯಾವ ಕೆಲಸ ತಗೊಳ್ತೀನಿ ಅನ್ನೋದನ್ನೂ ಮ್ಯಾನೇಜರ್ ಹತ್ರ ಮಾತಾಡಿ ಮೇಲ್ ಮಾಡಿ ಹೋಗಿ.

ಅಂಗವಿಕಲ ಸಹೋದ್ಯೋಗಿಗಳ ವಿಷಯದಲ್ಲಿ ನಾವು ಅಯ್ಯೋ ಪಾಪ ಅನ್ನೋದ್ರಲ್ಲೇ ನಿಂತುಬಿಡ್ತೀವಿ. ಅವರಿಗೆ ಬೇಕಾಗಿರೋದು ಸಣ್ಣ ಸಣ್ಣ ಅನುಕೂಲಗಳು. ಕಿವಿ ಸರಿಯಾಗಿ ಕೇಳದವರು ವಿಡಿಯೋ ಕಾಲ್‌ನಲ್ಲಿ ಇದ್ರೆ ಗೂಗಲ್ ಮೀಟ್ ಅಥವಾ ಟೀಮ್ಸ್‌ನಲ್ಲಿ, ಮಾತು ಅಕ್ಷರದಲ್ಲಿ ಬರೋ ಕ್ಯಾಪ್ಶನ್ ಆನ್ ಮಾಡಿ, ಕ್ಯಾಮೆರಾ ಆನ್ ಇಟ್ಟು ಮುಖ ಕಾಣೋ ಹಾಗೆ ಮಾತಾಡಿ, ಒಬ್ಬರಾದ್ಮೇಲೆ ಒಬ್ಬರು ಮಾತಾಡಿ. ಕಣ್ಣು ಕಾಣದವರು ಇದ್ರೆ "ಇಲ್ಲಿ ನೋಡಿ, ಇದು ಇಷ್ಟು ಬಂದಿದೆ" ಅನ್ನೋ ಬದಲು "ಮೂರನೇ ಸ್ಲೈಡಿನ ಟೇಬಲ್ಲಲ್ಲಿ ಜೂನ್ ಸೇಲ್ಸ್ ಇಷ್ಟು" ಅಂತ ಹೇಳಿ, ಫೈಲ್ ಮುಂಚೆನೇ ಕಳಿಸಿ, ಅವರ ಕಂಪ್ಯೂಟರಿನ ಸ್ಕ್ರೀನ್ ರೀಡರ್ ಅದನ್ನ ಅವರಿಗೆ ಜೋರಾಗಿ ಓದಿ ಹೇಳತ್ತೆ. ಇದ್ರಿಂದ ಕಾರಲ್ಲಿ ಕೂತು ಕಾಲ್ ಕೇಳ್ತಾ ಇರೋ ಮ್ಯಾನೇಜರ್‌ಗೂ ಅರ್ಥ ಆಗತ್ತೆ ಅನ್ನೋದು ಬೇರೆ ವಿಷಯ. 2016ರ ಅಂಗವಿಕಲರ ಹಕ್ಕುಗಳ ಕಾಯ್ದೆ 21 ಬಗೆಯ ಅಂಗವಿಕಲತೆಗಳನ್ನ ಗುರುತಿಸತ್ತೆ, ಅದ್ರಲ್ಲಿ ಹೊರಗೆ ಕಾಣದೇ ಇರೋವೂ ಇವೆ, ಡಿಸ್ಲೆಕ್ಸಿಯಾ ಥರದ ಕಲಿಕೆಯ ತೊಂದರೆ, ಮಾನಸಿಕ ಕಾಯಿಲೆ, ಥಲಸ್ಸೇಮಿಯಾ ಅನ್ನೋ ರಕ್ತದ ಕಾಯಿಲೆ. ಪ್ರತಿ ಸಂಸ್ಥೆಗೂ ಸಮಾನ ಅವಕಾಶದ ನೀತಿ ಇರಬೇಕು ಅಂತ ಅದೇ ಕಾಯ್ದೆ ಹೇಳತ್ತೆ. ನಿಮ್ಮ ಕಂಪನಿದು ಎಲ್ಲಿದೆ ಅಂತ ಎಚ್ಆರ್‌ಗೆ ಒಂದು ಮೇಲ್ ಹಾಕಿ ಕೇಳಿ ನೋಡಿ. ಅಂಗವಿಕಲರನ್ನ ಕೆಲಸಕ್ಕೆ ತಯಾರು ಮಾಡೋ ಸಂಸ್ಥೆಗಳು ಈ ಊರಲ್ಲೇ ಇವೆ, ಅಸೋಸಿಯೇಷನ್ ಆಫ್ ಪೀಪಲ್ ವಿತ್ ಡಿಸೆಬಿಲಿಟಿ 1959ರಿಂದ, ಎನೇಬಲ್ ಇಂಡಿಯಾ 1999ರಿಂದ ಕೆಲಸ ಮಾಡ್ತಿವೆ, ನಿಮ್ಮ ಟೀಮ್‌ಗೆ ಜನ ಬೇಕಾದಾಗ ಅಲ್ಲೂ ಒಂದು ಮಾತು ಕೇಳೋಕೆ ಎಚ್ಆರ್‌ಗೆ ಹೇಳಬಹುದು.

ಲಿಂಗತ್ವ ಅಲ್ಪಸಂಖ್ಯಾತರು ನಿಮ್ಮ ಜೊತೆ ಕೆಲಸಕ್ಕೆ ಬಂದ್ರೆ ಅವರು ಹೇಳಿದ ಹೆಸರಲ್ಲೇ ಕರೀರಿ, ಹಳೆ ಹೆಸರು ಕೆದಕೋದು, ಆಪರೇಷನ್ ಬಗ್ಗೆ ಕೇಳೋದು ಬೇಡವೇ ಬೇಡ. ಕರ್ನಾಟಕ ಸರ್ಕಾರ 2021ರಲ್ಲೇ ಸರ್ಕಾರಿ ಕೆಲಸದಲ್ಲಿ ಅವರಿಗೆ 1 ಪರ್ಸೆಂಟ್ ಮೀಸಲಾತಿ ಕೊಟ್ಟಿದೆ, ಉದ್ಯೋಗದಲ್ಲಿ ತಾರತಮ್ಯ ಮಾಡೋ ಹಾಗಿಲ್ಲ ಅಂತ 2019ರ ಕೇಂದ್ರದ ಕಾಯ್ದೆ ಇದೆ. ಕಾನೂನು ಬಂದಷ್ಟು ಬೇಗ ಕ್ಯಾಂಟೀನ್ ಟೇಬಲ್ ಬದಲಾಗಲ್ಲ, ಅದು ಅಲ್ಲಿ ಕೂರೋ ನಮ್ಮ ಕೈಲಿರೋದು.

ಜಾತಿ ಬಗ್ಗೆನೂ ಹೇಳ್ಲೇಬೇಕು. "ಪೂರ್ತಿ ಹೆಸರೇನು?", "ನೀವು ಯಾವ ಪೈಕಿ?", "ಮನೇಲಿ ನಾನ್‌ವೆಜ್ ಮಾಡ್ತೀರಾ?" ಇವೆಲ್ಲ ಸುಮ್ನೆ ಕೇಳಿದ ಹಾಗೆ ಇರತ್ತೆ, ಆದ್ರೆ ಯಾಕೆ ಕೇಳ್ತಿದಾರೆ ಅಂತ ಕೇಳಿಸ್ಕೊಂಡವರಿಗೆ ಚೆನ್ನಾಗಿ ಗೊತ್ತಿರತ್ತೆ, ಆ ದಿನದಿಂದ ಅವರು ಡಬ್ಬಿ ಬೇರೆ ಕಡೆ ಕೂತು ತೆಗೀತಾರೆ. ಮೀಟಿಂಗಲ್ಲಿ ಅವರು ಮಾತಾಡಲ್ಲ ಅಂದ್ರೆ ಕಾರಣ ಊಟದ ಟೇಬಲ್ಲಲ್ಲಿ ಶುರುವಾಗಿರತ್ತೆ. ಇಂಥ ಪ್ರಶ್ನೆ ನಿಮ್ಮ ಮುಂದೆ ಯಾರಾದ್ರೂ ಎತ್ತಿದ್ರೆ ಮಾತು ಬೇರೆ ಕಡೆ ತಿರುಗಿಸಿ, ಎರಡನೇ ಸಲಾನೂ ಎತ್ತಿದ್ರೆ "ಅದು ಯಾಕೆ ಬೇಕು?" ಅಂತ ನೇರವಾಗಿ ಕೇಳಿ. ನಾನು ಇದ್ರಲ್ಲಿ ಮುಲಾಜು ಇಟ್ಕೊಳ್ಳಲ್ಲ.

ಹೌಸ್‌ಕೀಪಿಂಗ್ ಅಕ್ಕ, ಸೆಕ್ಯೂರಿಟಿ ಅಣ್ಣ, ಕ್ಯಾಬ್ ಡ್ರೈವರ್, ಇವರೂ ಆಫೀಸಿನವರೇ. ಹೆಸರು ತಿಳ್ಕೊಳ್ಳಿ, ಬಹುವಚನದಲ್ಲಿ ಮಾತಾಡಿಸಿ.

ಮೀಟಿಂಗ್ ನೀವೇ ನಡೆಸೋದಾದ್ರೆ ಇಷ್ಟು ಮಾಡಿ. ವಿಷಯ ಏನು ಅಂತ ಹಿಂದಿನ ದಿನಾನೇ ಕಳಿಸಿ, ತಕ್ಷಣ ಮಾತು ಬರದವರು ಯೋಚನೆ ಮಾಡ್ಕೊಂಡು ಬರ್ತಾರೆ. ಮೊದಲು ಜೂನಿಯರ್‌ಗಳನ್ನ ಮಾತಾಡಿಸಿ, ಸೀನಿಯರ್ ಒಂದು ಸಲ ಅಭಿಪ್ರಾಯ ಹೇಳಿದ್ಮೇಲೆ ಫ್ರೆಶರ್ ಅದಕ್ಕೆ ವಿರುದ್ಧ ಹೇಳೋದು ನಮ್ಮ ಕಡೆ ತುಂಬಾ ಕಷ್ಟ. ಸುಮ್ನೆ ಕೂತವರನ್ನ "ನೀವ್ಯಾಕೆ ಮಾತಾಡ್ತಿಲ್ಲ?" ಅಂತ ಎಲ್ರ ಮುಂದೆ ಕೇಳಿದ್ರೆ ಅವರು ಇನ್ನೂ ಮುದುಡ್ತಾರೆ, ಅದರ ಬದಲು "ಈ ಮಾಡ್ಯೂಲ್ ನೀವೇ ನೋಡಿದೀರ, ಎಷ್ಟು ದಿನ ಬೇಕಾಗತ್ತೆ?" ಅಂತ ಅವರಿಗೆ ಗೊತ್ತಿರೋದನ್ನೇ ಕೇಳಿ.

ತಪ್ಪು ನಡೀತಿದ್ರೆ ಹೇಳೋ ರೀತಿ

1974ರಲ್ಲಿ ಬೆಂಗಳೂರಿನ ಟಾಟಾ ಇನ್‌ಸ್ಟಿಟ್ಯೂಟ್‌ನಲ್ಲಿ (ಭಾರತೀಯ ವಿಜ್ಞಾನ ಸಂಸ್ಥೆ) ಎಂಜಿನಿಯರಿಂಗ್‌ನಲ್ಲಿ ಮಾಸ್ಟರ್ಸ್ ಓದ್ತಿದ್ದ ಸುಧಾ ಮೂರ್ತಿ, ಹೆಣ್ಮಕ್ಕಳು ಅರ್ಜಿ ಹಾಕೋ ಹಾಗಿಲ್ಲ ಅಂತ ಟೆಲ್ಕೋ (ಈಗಿನ ಟಾಟಾ ಮೋಟರ್ಸ್) ಕಂಪನಿ ಹಾಕಿದ್ದ ಜಾಹೀರಾತು ನೋಡಿ ಜೆ.ಆರ್.ಡಿ. ಟಾಟಾ ಅವರಿಗೇ ಒಂದು ಪೋಸ್ಟ್‌ಕಾರ್ಡ್ ಬರೆದ್ರು, ಆಮೇಲೆ ಪುಣೆಗೆ ಇಂಟರ್ವ್ಯೂಗೆ ಕರೆ ಬಂತು, ಕೆಲಸಾನೂ ಸಿಕ್ತು. ಎಲ್ರಿಗೂ ಗೊತ್ತಿರೋ ವಿಷಯ, ಆದ್ರೆ ನಾನು ಇದನ್ನ ನನ್ನ ಟೀಮ್‌ಗೆ ಹೇಳೋದು ಧೈರ್ಯಕ್ಕಿಂತ ಜಾಸ್ತಿ ಅದರ ರೀತಿಗೋಸ್ಕರ. ಪೋಸ್ಟ್‌ಕಾರ್ಡ್‌ನಲ್ಲಿ ಜಾಗ ಇರೋದೇ ಅಷ್ಟು. ತಪ್ಪು ಏನು ಅಂತ ಅದ್ರಲ್ಲಿ ಒಂದೇ ವಿಷಯ ಇತ್ತು, ಸರಿ ಮಾಡೋ ಅಧಿಕಾರ ಇರೋರಿಗೇ ಅದು ಹೋಯ್ತು. ನಿಮ್ಮ ದೂರಿನ ಮೇಲ್ ಕೂಡ ಹಾಗೇ ಇರಲಿ: ಏನಾಯ್ತು, ಯಾವತ್ತು, ಏನು ಬದಲಾಗಬೇಕು. ಮೂರು ವರ್ಷದ ನೋವನ್ನೆಲ್ಲಾ ಒಂದೇ ಮೇಲಲ್ಲಿ ಹಾಕಿದ್ರೆ ಓದೋರು ಯಾವುದಕ್ಕೂ ಉತ್ತರ ಕೊಡಲ್ಲ.

ಲೈಂಗಿಕ ಕಿರುಕುಳ ಆದ್ರೆ ಮಾತ್ರ ಅದಕ್ಕೆ ಬೇರೆ ದಾರಿ ಇದೆ, ಗೊತ್ತಿರಲಿ. 1997ರಲ್ಲಿ ವಿಶಾಖಾ ಕೇಸಲ್ಲಿ ಸುಪ್ರೀಂ ಕೋರ್ಟ್ ಕೊಟ್ಟ ನಿರ್ದೇಶನದಿಂದ ಶುರುವಾಗಿ 2013ರಲ್ಲಿ ಕಾಯ್ದೆ ಆಯ್ತು, ಆಫೀಸಲ್ಲಿ ಪಾಶ್ ಅಂತಾರೆ. ಹತ್ತು ಅಥವಾ ಅದಕ್ಕಿಂತ ಜಾಸ್ತಿ ಜನ ಇರೋ ಪ್ರತಿ ಕಡೆ ಆಂತರಿಕ ಸಮಿತಿ ಇರಬೇಕು, ಅದರ ಮುಖ್ಯಸ್ಥರು ಸೀನಿಯರ್ ಮಹಿಳೆ ಆಗಿರಬೇಕು, ಅರ್ಧಕ್ಕೆ ಕಮ್ಮಿ ಇಲ್ಲದ ಹಾಗೆ ಮಹಿಳೆಯರಿರಬೇಕು, ಹೊರಗಿನ ಸದಸ್ಯರೊಬ್ಬರು ಇರಬೇಕು. ದೂರು ಬರಹದಲ್ಲಿ, ಘಟನೆ ಆದ ಮೂರು ತಿಂಗಳೊಳಗೆ ಕೊಡಬೇಕು, ಸರಿಯಾದ ಕಾರಣ ಇದ್ರೆ ಸಮಿತಿ ಇನ್ನೂ ಮೂರು ತಿಂಗಳು ಕೊಡಬಹುದು, ವಿಚಾರಣೆ 90 ದಿನದಲ್ಲಿ ಮುಗೀಬೇಕು. ಹತ್ತಕ್ಕಿಂತ ಕಮ್ಮಿ ಜನ ಇರೋ ಅಂಗಡಿ, ಕ್ಲಿನಿಕ್, ಸಣ್ಣ ಆಫೀಸಲ್ಲಿ ಇರೋರು, ಅಥವಾ ಮಾಲೀಕನ ಮೇಲೇ ದೂರು ಇರೋರು ಜಿಲ್ಲೆಯ ಸ್ಥಳೀಯ ಸಮಿತಿಗೆ ಹೋಗಬಹುದು. ಮೆಸೇಜ್, ಸ್ಕ್ರೀನ್‌ಶಾಟ್, ತಾರೀಖು ಎಲ್ಲಾ ನಿಮ್ಮ ಸ್ವಂತ ಹತ್ರ ಇಟ್ಕೊಳ್ಳಿ. ಯಾರಾದ್ರೂ ಬಂದು ನಿಮ್ಮ ಹತ್ರ ಇದನ್ನ ಹೇಳ್ಕೊಂಡ್ರೆ, "ನೀನು ಯಾಕೆ ಅಷ್ಟು ಹೊತ್ತು ಅಲ್ಲಿದ್ದೆ" ಅಂತ ಮಾತ್ರ ಕೇಳ್ಬೇಡಿ, ದಯವಿಟ್ಟು. ಪೂರ್ತಿ ಕೇಳಿಸ್ಕೊಳ್ಳಿ, ಸಮಿತಿ ತನಕ ಜೊತೆಗೆ ಹೋಗಿ.

ಕೊನೆಗೆ, ಪ್ರಮೋಷನ್ ಬಾಯಿಬಿಟ್ಟು ಕೇಳೋದು

ಮಾರ್ಚಲ್ಲಿ ಕೇಳಿದ್ರೆ ತಡ ಆಯ್ತು. ಅಷ್ಟೊತ್ತಿಗೆ ಬಜೆಟ್ಟೂ ಲಿಸ್ಟೂ ಹೆಚ್ಚು ಕಮ್ಮಿ ರೆಡಿ ಇರತ್ತೆ. ಏಪ್ರಿಲ್ ವರ್ಷ ಇರೋ ಕಂಪನಿ ಆದ್ರೆ ಸೆಪ್ಟೆಂಬರ್, ಅಕ್ಟೋಬರ್ ಹೊತ್ತಿಗೆ, ದಸರಾ ರಜೆ ಮುಗಿಸಿ ಬಂದಾಗ, ಮ್ಯಾನೇಜರ್ ಹತ್ರ ಅರ್ಧ ಗಂಟೆ ಒನ್-ಆನ್-ಒನ್ ಕೇಳಿ. ಕಾರಿಡಾರಲ್ಲಿ, ಲಿಫ್ಟಲ್ಲಿ ಬೇಡ. ವಿಷಯ ಏನು ಅಂತ ಮುಂಚೆನೇ ಹೇಳಿ, "ಮುಂದಿನ ಲೆವೆಲ್ ಬಗ್ಗೆ ಮಾತಾಡಬೇಕಿತ್ತು" ಅಂತ. ಐಟಿ ಕಂಪನೀಲಿ ಹೆಸರು ಹಿಡಿದು ಕರೀತೀರ, ಹಳೆ ಕಾಲದ ಕಂಪನೀಲಿ ಸಾರ್, ಮೇಡಂ ಅಂತೀರ, ಹೇಗೇ ಕರೆದ್ರೂ ಕೇಳೋ ಮಾತು ಒಂದೇ ಇರಲಿ: "ನಾನು ಸೀನಿಯರ್ ರೋಲ್‌ಗೆ ತಯಾರಿದೀನಿ ಅನ್ಸತ್ತೆ. ಈ ಆರು ತಿಂಗಳಲ್ಲಿ ಈ ಮೂರು ಕೆಲಸ ಮಾಡಿದೀನಿ. ಇನ್ನೇನು ಬೇಕು ಅಂತ ನಿಮಗೆ ಅನ್ಸತ್ತೆ?" ಮೂರು ಕೆಲಸ ಎಲ್ಲಿಂದ ಬರತ್ತೆ ಅಂದ್ರೆ ಶುಕ್ರವಾರ ಬರೆದಿಟ್ಟಿದ್ದರಿಂದ. ಅದ್ರಲ್ಲಿ ಒಂದಾದ್ರೂ ನೀವು ಬೇರೆಯವರನ್ನ ಬೆಳೆಸಿದ ಕೆಲಸ ಆಗಿರಲಿ, ಒಬ್ಬ ಫ್ರೆಶರ್ ನಿಮ್ಮಿಂದ ಕಲಿತು ಈಗ ಒಬ್ಬನೇ ರಿಲೀಸ್ ನೋಡ್ಕೊಳ್ತಾನೆ ಅನ್ನೋ ಥರ, ಅವರ ಹೆಸರು ಬರೆದಿಡಿ ಅಂದಿದ್ದು ಇದಕ್ಕೇ.

ಕೇಳಿದ್ಮೇಲೆ ಸುಮ್ನಿರಿ. ಅವರು ಯೋಚನೆ ಮಾಡೋ ಆ ಅರ್ಧ ನಿಮಿಷದ ಮೌನ ನಮಗೆ ತಡ್ಕೊಳ್ಳೋಕಾಗಲ್ಲ, "ಪರವಾಗಿಲ್ಲ ಬಿಡಿ, ಮುಂದಿನ ವರ್ಷ ನೋಡೋಣ" ಅಂತ ನಾವೇ ಹೇಳಿಬಿಡ್ತೀವಿ. ಹೇಳ್ಬೇಡಿ. ಮನೆ ಲೋನು, ತಂಗಿ ಮದುವೆ, ಬಾಡಿಗೆ ಜಾಸ್ತಿ ಆಯ್ತು ಅನ್ನೋದನ್ನ ಇಲ್ಲಿ ತರಬೇಡಿ, ಅದು ನಿಜಾನೇ ಆದ್ರೂ ಅವರು ಮೇಲಿನವರ ಮುಂದೆ ಅದನ್ನ ವಾದಕ್ಕೆ ಬಳಸೋಕಾಗಲ್ಲ.

ಅವರು ಆಗಲ್ಲ ಅಂದ್ರೆ, ಏನು ಕಮ್ಮಿ ಇದೆ ಅಂತ ಒಂದು ಉದಾಹರಣೆ ಸಮೇತ ಕೇಳಿ. "ಇನ್ನೂ ವಿಸಿಬಿಲಿಟಿ ಬೇಕು" ಅಂತ ಅಂದ್ರೆ, ಯಾರ ಮುಂದೆ, ಯಾವ ಮೀಟಿಂಗಲ್ಲಿ, ಆ ಪ್ರೆಸೆಂಟೇಷನ್ ಮುಂದಿನ ತಿಂಗಳು ನನಗೆ ಕೊಡ್ತೀರಾ ಅಂತ ಅಲ್ಲೇ ಕೇಳಿ. ಅವತ್ತು ಸಂಜೆಯೊಳಗೆ ಒಂದು ಮೇಲ್ ಹಾಕಿ, ನಾಲ್ಕು ಸಾಲು ಸಾಕು: ಇವತ್ತು ಮಾತಾಡಿದ್ದಕ್ಕೆ ಥ್ಯಾಂಕ್ಸ್, ನೀವು ಹೇಳಿದ ಎರಡು ವಿಷಯ ಇವು, ನಾನು ಇಷ್ಟರೊಳಗೆ ಇದನ್ನ ಮಾಡ್ತೀನಿ, ಜನವರಿ ಮೊದಲ ವಾರ ಮತ್ತೆ ಕೂತು ನೋಡೋಣ. ಕ್ಯಾಲೆಂಡರ್ ಇನ್ವೈಟ್ ಕೂಡ ಅದರ ಜೊತೆಗೇ ಕಳಿಸಿ. ಜನವರಿಲೂ ಅದೇ ಉತ್ತರ, ಅದಕ್ಕೆ ಕಾರಣ ಮಾತ್ರ ಹೊಸದು ಅಂತ ಬಂದ್ರೆ, ರೆಸ್ಯೂಮೆ ತೆಗೆದು ಅಪ್‌ಡೇಟ್ ಮಾಡಿ, ನೋಟೀಸ್ ಪೀರಿಯಡ್ ಎಷ್ಟಿದೆ ನೋಡ್ಕೊಳ್ಳಿ, ಹೊರಗೆ ಇಂಟರ್ವ್ಯೂ ಕೊಡೋಕೆ ಶುರು ಮಾಡಿ.